ಬೆನ್ನ ಹಿಂದಿನ ಉಸಿರು

ಮಣ್ಣು-ಹುಲಿ ವರ್ಷ, ಎಂಟನೇ ತಿಂಗಳು, ಇಪ್ಪತ್ತೈದು
ಕಲ್ಲುಗೂಡಿನೊಳಗಿಂದ

ಯುಡೋನ್ ಅಕ್ಕನಿಗೆ,

ಬೆಣ್ಣೆ, ಒಣಗಿಣ್ಣು, ಹುರಿದ ಬಾರ್ಲಿಯ ತ್ಸಂಪಾ ಹಿಟ್ಟು ತಲುಪಿದವು. ಒಲೆಗೆ ಒಣ ಸಗಣಿಯೂ ಸಾಕಷ್ಟಿದೆ. ಗುರುಗಳು ಈ ಗವಿಯ ಬಾಯಿಗೆ ಗೋಡೆ ಕಟ್ಟಿಸಿ, ಮಣ್ಣು ಮೆತ್ತಿಸಿ, ತಮ್ಮ ಮುದ್ರೆ ಒತ್ತಿ ಹೋಗಿ ಇವತ್ತಿಗೆ ನಲವತ್ತು ದಿನ. ಮೂರು ವರ್ಷ ಮೂರು ತಿಂಗಳಲ್ಲಿ ಇನ್ನೆಷ್ಟು ಉಳಿಯಿತು ಎಂದು ಎಣಿಸಬಾರದಂತೆ. ಎಣಿಸಿದ್ದೇನೆ.

ಮಾತು ಪೂರ್ತಿ ನಿಷಿದ್ಧ. ದಿನಾ ನೀರು ತರುವ, ಊರಿಗೆಲ್ಲ ಚಿಕ್ಕಪ್ಪನಾದ ಅಖು ಪೆಲ್ಗೆ ಗೋಡೆಯ ಕಿರುಬಾಗಿಲಲ್ಲಿ ಹೂಜಿ ಇಟ್ಟು ಹೋಗುತ್ತಾರೆ, ಮುಖ ಕಾಣುವುದಿಲ್ಲ. ಹತ್ತನೇ ದಿನ, ಇಪ್ಪತ್ತೈದನೇ ದಿನ ನೀನು ತರುವ ಬಟ್ಟಲಿನ ಜೊತೆ ಬೇಕಾದ್ದು ಬೇಡದ್ದು ಬರೆದ ಚೀಟಿ ಮಾತ್ರ ಕಳಿಸಬಹುದು. ಇದೂ ಚೀಟಿಯೇ, ಸ್ವಲ್ಪ ಉದ್ದವಾಗಿದೆ ಅಷ್ಟೆ.

ಧ್ಯಾನಕ್ಕೆ ಕೂರಲು ಮರದ ಪೆಟ್ಟಿಗೆ ಇದೆ. ಅದರಲ್ಲೇ ಕೂರಬೇಕು, ಅದರಲ್ಲೇ ನಿದ್ದೆ. ಬೆನ್ನು ಬಾಗದಿರಲೆಂದು ಭುಜಕ್ಕೂ ಮಂಡಿಗೂ ಸೇರಿಸಿ ಅಗಲವಾದ ಪಟ್ಟಿ ಕಟ್ಟಿಕೊಳ್ಳುತ್ತೇನೆ. ಒಲೆ ಪಕ್ಕದಲ್ಲೇ ಇದೆ.

ಒಂದು ಮಾತು ಗುರುಗಳಿಗೆ ಹೇಳಬೇಡ. ನನ್ನ ಬೆನ್ನ ಹಿಂದೆ ಯಾರೋ ಉಸಿರಾಡುತ್ತಾರೆ. ಮೊದಲು ನನ್ನದೇ ಉಸಿರು ಅಂದುಕೊಂಡು ಬಿಗಿಹಿಡಿದು ನೋಡಿದೆ. ನನ್ನದು ನಿಂತಿತು, ಅದು ನಿಲ್ಲಲಿಲ್ಲ.

ನಿನ್ನ ಪುಕ್ಕಲ,
ಲೋಸೆಲ್

*

ಒಂಬತ್ತನೇ ತಿಂಗಳು, ಹತ್ತು
ಚಳಿಗಾಲದ ಹಟ್ಟಿಯಿಂದ

ಪುಕ್ಕಲನಿಗೆ,

ನಿನಗೆ ಮೂವತ್ತೆರಡು ವರ್ಷ. ನೆನಪಿರಲಿ ಎಂದು ಬರೆದೆ.

ಗುರುಗಳು ಐದು ಜನ ಶಿಷ್ಯರನ್ನು ಸಾಲಾಗಿ ಕೂರಿಸಿ, ಗವಿಯೊಳಗೆ ಹೋಗುವುದು ಯಾತಕ್ಕೆ ಎಂದು ಕೇಳಿದ್ದರಲ್ಲ. ನಾಲ್ವರು ಸಕಲ ಜೀವಿಗಳ ಬಿಡುಗಡೆಗೆ ಎಂದರು. ನೀನೊಬ್ಬ, ‘ನಂಗೆ ಹೆದರಿಕೆ ಜಾಸ್ತಿ ಗುರುಗಳೇ, ಅದು ಹೋಗಬೇಕು’ ಅಂದೆ. ಇಡೀ ಅಂಗಳ ನಕ್ಕಿತು, ಗುರುಗಳು ಮಾತ್ರ ನಿನಗೇ ಗವಿ ಕೊಟ್ಟರು. ಈಗ ಹೆದರಿಕೆ ಎದುರಿಗೆ ಬಂದು ಕೂತರೆ ಅತ್ತು ಕರೆದರೆ ಹೇಗೆ?

ಅಮ್ಮ ತೀರಿಕೊಂಡ ವರ್ಷ, ನೀನಿನ್ನೂ ಚಿಕ್ಕವನು, ಹದ್ದುಗಳಿಗೆ ಹೆಣ ಕೊಡುವ ದಿಬ್ಬದ ಪಕ್ಕ ಹಾದುಹೋಗುವಾಗ ನೀನು ನನ್ನ ಬೆನ್ನೇರಿ, ಕುತ್ತಿಗೆಗೆ ಮುಖ ಒತ್ತಿಕೊಂಡು ಬಿಸಿಬಿಸಿ ಉಸಿರು ಬಿಡುತ್ತಿದ್ದೆ. ನನಗೂ ಹೆದರಿಕೆಯೇ. ಆದರೆ ನನಗೆ ಏರಲು ಯಾರ ಬೆನ್ನೂ ಇರಲಿಲ್ಲ, ನಡೆದೆ. ನೀನೂ ಹಾಗೇ ಮಾಡು.

ನೀನು ಕಲಿಸಿದ ಅಕ್ಷರದಲ್ಲೇ ನಿನ್ನನ್ನು ಬೈಯುವುದು ಹಿತವಾಗಿದೆ. ಕಾಗುಣಿತ ತಿದ್ದಬೇಡ.

ಯುಡೋನ್

*

ಒಂಬತ್ತನೇ ತಿಂಗಳು, ಇಪ್ಪತ್ತೈದು

ಅಕ್ಕ,

ಅದು ಹೋಗಿಲ್ಲ. ಸಂಜೆಯಿಂದ ಶುರುವಾಗುತ್ತದೆ. ಎಳೆದುಕೊಳ್ಳುವ ಉಸಿರಿಗೂ ಬಿಡುವ ಉಸಿರಿಗೂ ನಡುವೆ ಹನ್ನೆರಡು ಎಣಿಸಬಹುದು. ಮನುಷ್ಯರಲ್ಲಿ ಯಾರಿಗೆ ಅಷ್ಟು ದೊಡ್ಡ ಎದೆ ಇರುತ್ತದೆ? ನನ್ನ ಕುತ್ತಿಗೆಯ ಕೂದಲು ಅಲ್ಲಾಡುತ್ತದೆ, ಸುಳ್ಳಲ್ಲ. ಬೆನ್ನ ಹಿಂದೆ ಬಂಡೆಯೊಂದೇ ಇರುವುದು.

ಏನೇ ಬಂದರೂ ಓಡಬೇಡ, ಅಟ್ಟಬೇಡ, ಕೂತಿರು ಎಂದಿದ್ದರು ಗುರುಗಳು. ಕೂತಿದ್ದೇನೆ. ಪಟ್ಟಿ ಬಿಗಿದಿರುವುದರಿಂದ ಕೂತಿದ್ದೇನೆ, ಇಲ್ಲದಿದ್ದರೆ ಗೋಡೆಗೆ ಡಿಕ್ಕಿ ಹೊಡೆದು ಹೊರಗೆ ಬೀಳುತ್ತಿದ್ದೆ. ಮಂತ್ರ ಮರೆತುಹೋಗುತ್ತದೆ. ನಿನ್ನೆ ಪೆಟ್ಟಿಗೆಯಲ್ಲೇ ಉಚ್ಚೆ ಹೊಯ್ದುಕೊಂಡೆ. ಇದನ್ನು ಓದಿ ಸುಟ್ಟುಬಿಡು.

ಅಕ್ಕ, ನಂಗೆ ತುಂಬಾ ಹೆದರಿಕೆಯಾಗುತ್ತಿದೆ.

ಲೋಸೆಲ್

*

ಹತ್ತನೇ ತಿಂಗಳು, ಹತ್ತು

ತಮ್ಮಾ,

ಸುಟ್ಟೆ. ಈ ಸಲ ನಗಲಿಲ್ಲ.

ನಿನ್ನ ದೆವ್ವವನ್ನು ಹಿಡಿದಿದ್ದೇನೆ. ಚೀಟಿ ಓದಿದ ಮರುದಿನವೇ, ನಿಯಮ ಮೀರಿ, ಅಖು ಪೆಲ್ಗೆ ನೀರಿಗೆ ಹೋಗಿದ್ದಾಗ ಬಂಡೆಯ ಹಿಂದಿನಿಂದ ಗವಿಯ ನೆತ್ತಿಗೆ ಹತ್ತಿದೆ. ಅಲ್ಲೊಂದು ಬಿರುಕು, ನನ್ನ ತೋಳು ಹೋಗುವಷ್ಟು. ಕಿವಿಯಿಟ್ಟೆ. ಗಾಳಿ ಒಳಗೆ ಹೋಗುತ್ತದೆ, ತಡೆದು ನಿಲ್ಲುತ್ತದೆ, ಹೊರಗೆ ಬರುತ್ತದೆ. ಹನ್ನೆರಡು ಎಣಿಸಿದೆ. ಅದೇ.

ಚಳಿಗೆ ಮುಂಚೆ ಹಟ್ಟಿ, ಕೊಟ್ಟಿಗೆ, ಮರಿಗೂಡು ಎಲ್ಲದರ ಸಂದಿಗಳನ್ನೂ ನಾವು ಹೆಂಗಸರು ಮುಚ್ಚುತ್ತೇವಲ್ಲ, ಹಾಗೇ ಮುಚ್ಚಿದೆ. ಎರಡು ಹೊರೆ ಯಾಕ್ ಉಣ್ಣೆ ತುರುಕಿ, ಮೇಲೆ ಹಸಿ ಸಗಣಿ ಮೆತ್ತಿದ್ದೇನೆ. ಹಿಮ ಬಿದ್ದರೆ ಕಲ್ಲಿಗಿಂತ ಗಟ್ಟಿಯಾಗುತ್ತದೆ. ಇನ್ನು ಯಾರೂ ಉಸಿರಾಡುವುದಿಲ್ಲ. ನೆಮ್ಮದಿಯಾಗಿ ಕೂತು ಬುದ್ಧನಾಗು.

ಅಕ್ಕ

*

ಹನ್ನೊಂದನೇ ತಿಂಗಳು, ಹತ್ತು

ಅಕ್ಕ,

ಉಸಿರು ನಿಂತಿದೆ. ಒಂದೂವರೆ ತಿಂಗಳು ಮಗುವಿನ ಹಾಗೆ ನಿದ್ದೆ ಮಾಡಿದೆ. ಗವಿ ಬೆಚ್ಚಗಿದೆ, ನೀರು ಹೆಪ್ಪುಗಟ್ಟುವುದಿಲ್ಲ. ಸ್ವಲ್ಪ ತಲೆನೋವು, ಕಣ್ಣುರಿ. ಹೊಸದಾಗಿ ಕೂರುವವರಿಗೆ ಇದೆಲ್ಲ ಸಹಜವೆಂದು ಓದಿದ್ದೇನೆ.

ನನ್ನ ಹೆದರಿಕೆಯನ್ನು ಗುರುಗಳು ಹೊರಗೆ ಹಾಕಲಿಲ್ಲ, ನೀನು ಹಾಕಿದೆ. ಉಣ್ಣೆ ತುರುಕಿ.

ಲೋಸೆಲ್

*

ಹನ್ನೊಂದನೇ ತಿಂಗಳು, ಇಪ್ಪತ್ತೈದು

ಅಕ್ಕ,

ಇದನ್ನು ಯಾರಿಗೂ ಹೇಳಬಾರದು, ಆದರೆ ನಿನಗೆ ಹೇಳದೆ ಇರಲಾರೆ. ಧ್ಯಾನ ಫಲಿಸುವ ಗುರುತುಗಳು ಬರುತ್ತಿವೆ. ಗ್ರಂಥದಲ್ಲಿ ಹೇಳಿದ ಕ್ರಮದಲ್ಲೇ. ಮೊದಲು ಬಿಸಿಲುಗುದುರೆಯ ಹಾಗೆ ಎದುರಿನ ಗೋಡೆ ತೇಲಿತು. ಆಮೇಲೆ ಹೊಗೆ ಕಂಡಿತು. ಮೊನ್ನೆಯಿಂದ ಮಿಂಚುಹುಳುಗಳು, ಕಣ್ಣು ಮುಚ್ಚಿದರೂ ತೆರೆದರೂ. ಇನ್ನು ಉಳಿದದ್ದು ದೀಪ. ಅದರಾಚೆ ಬೆಳಕು. ಕಾಲಿದೆ ಎಂಬುದೇ ಮರೆತುಹೋಗುತ್ತದೆ. ಹಸಿವಿಲ್ಲ.

ಹೆದರಿಕೆ ಇಲ್ಲ ಅಕ್ಕ. ಹುಡುಕಿದರೂ ಇಲ್ಲ.

ಚಳಿ ಜಾಸ್ತಿ, ಸಗಣಿ ಇನ್ನೆರಡು ಮೂಟೆ ಕಳಿಸು.

ಈಗ ಪುಕ್ಕಲನಲ್ಲದ
ಲೋಸೆಲ್

*

ಹನ್ನೆರಡನೇ ತಿಂಗಳು, ಹತ್ತು

ತಮ್ಮಾ,

ಮೂರು ಮೂಟೆ ತಂದಿದ್ದೇನೆ. ನಿನ್ನ ಚೀಟಿಯನ್ನು ಎದೆಯ ಮೇಲಿನ ತಾಯಿತದಲ್ಲಿ ಇಟ್ಟುಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಇಂಥವನೊಬ್ಬ ಹುಟ್ಟಿದ ಎಂದು ಅಮ್ಮ ಇದ್ದಿದ್ದರೆ ಹಟ್ಟಿಹಟ್ಟಿಗೂ ಹೋಗಿ ಜಂಬ ಕೊಚ್ಚುತ್ತಿದ್ದಳು. ಅಖು ಪೆಲ್ಗೆಗೂ ಅನುಮಾನ ಬಂದಿದೆ. ಕಿರುಬಾಗಿಲ ಹತ್ತಿರ ಬಂದರೆ ಈಗ ಕೈಮುಗಿದೇ ನಿಲ್ಲುತ್ತಾರೆ.

ಆದರೂ ಒಂದು ಮಾತು. ನಿನ್ನ ಸಾಲುಗಳು ಇಳಿಜಾರಿನಲ್ಲಿ ಜಾರುತ್ತಿವೆ. ‘ಮಿಂಚುಹುಳು’ ಅನ್ನುವ ಕಡೆ ಎರಡೆರಡು ಸಲ ಬರೆದು ಒಂದನ್ನು ಹೊಡೆದುಹಾಕಿದ್ದೀಯ. ನನ್ನ ಕಾಗುಣಿತವನ್ನು ತಿದ್ದಿಲ್ಲ. ನಾನು ಕೇಳಿದ್ದು ಯಾವುದಕ್ಕೂ ಉತ್ತರ ಇಲ್ಲ. ಬುದ್ಧರಾಗುವವರು ಅಕ್ಕಂದಿರನ್ನು ಆಡಿಕೊಳ್ಳುವುದನ್ನೂ ಬಿಡುತ್ತಾರೇನು? ನಂಗೆ ಯಾಕೋ ಭಯ. ಎರಡು ಸಾಲು ಬರೆ, ಬೈದಾದರೂ ಬರೆ.

ಯುಡೋನ್

*

(ಅದೇ ದಿನ, ಬಟ್ಟಲಿನಲ್ಲಿ)

ಅಕ್ಕ
ದೀಪ ದೀಪ ಬಂತು
ಚೆನ್ನಾಗಿದೆ ಚೆ

*

ಮಣ್ಣು-ಮೊಲ ವರ್ಷ, ಮೊದಲನೇ ತಿಂಗಳು, ಇಪ್ಪತ್ತು
ಮಠದಿಂದ

ಯುಡೋನ್‌ಗೆ,

ಎಡಗೈ ನಡುಗುತ್ತದೆ, ಕಾಗದವನ್ನು ಮೊಣಕೈಯಿಂದ ಒತ್ತಿಹಿಡಿದು ಬರೆಯುತ್ತಿದ್ದೇನೆ. ಹೊಸ ವರ್ಷ ಬಂದದ್ದೂ ನನಗೆ ಗೊತ್ತಿಲ್ಲ. ಪದಗಳು ಬೇಕೆಂದಾಗ ಸಿಗುವುದಿಲ್ಲ. ಇಲ್ಲಿಯ ಹುಡುಗರು ನನ್ನನ್ನು ನೋಡಿ ಪಿಸುಗುಟ್ಟುತ್ತಾರೆ.

ನೀನು ಗೋಡೆ ಒಡೆದೆಯಂತೆ. ಗುರುಗಳ ಮುದ್ರೆಯ ಮೇಲೆ ಗುದ್ದಲಿ ಹಾಕಿದೆಯಂತೆ. ನಾನು ಬೆಳಕಿನಲ್ಲಿದ್ದೆ. ಯಾವುದಕ್ಕೋಸ್ಕರ ಹದಿನಾಲ್ಕು ವರ್ಷ ಗುರುಗಳ ಕಾಲ ಬಳಿ ಬಿದ್ದಿದ್ದೆನೋ ಅದರೊಳಗೇ ಕೂತಿದ್ದೆ. ನೀನು ಬಂದು ಕಾಲು ಹಿಡಿದು ಎಳೆದೆ. ಯಾರು ಅಪ್ಪಣೆ ಕೊಟ್ಟರು ನಿನಗೆ?

ಲೋಸೆಲ್

*

ಎರಡನೇ ತಿಂಗಳು, ಮೂರು
ಹಟ್ಟಿಯಿಂದ, ಉಪ್ಪಿನ ಲಾರಿಯವನ ಕೈಯಲ್ಲಿ

ತಮ್ಮಾ,

ನೀನು ಬೈದ ಕಾಗದ ಬಂತು. ಮೂರು ಸಲ ಓದಿದೆ. ಸಾಲು ನೆಟ್ಟಗಿದೆ, ಅದಕ್ಕೇ.

ಯಾರೂ ಅಪ್ಪಣೆ ಕೊಡಲಿಲ್ಲ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಹನ್ನೆರಡನೇ ತಿಂಗಳ ಇಪ್ಪತ್ತೈದು. ಬೆಳಿಗ್ಗೆ ಬಟ್ಟಲಿಟ್ಟು, ಬಂಡೆಗೆ ಬಿಸಿಲು ಬರುವ ತನಕ ಕಾದೆ. ಬಟ್ಟಲು ಹಾಗೇ ಇತ್ತು, ಬೆಣ್ಣೆ ಮೇಲೆ ಕಟ್ಟಿಕೊಂಡಿತ್ತು. ಹಿಂದಿನ ದಿನದ ನೀರೂ ಮುಟ್ಟಿರಲಿಲ್ಲ. ಅಖು ಪೆಲ್ಗೆಯನ್ನು ಕರೆದೆ. ಕಿರುಬಾಗಿಲಿನ ಹಲಗೆ ಸರಿಸಿ ಇಬ್ಬರೂ ಬಗ್ಗಿ ನೋಡಿದೆವು. ನೀನು ಪೆಟ್ಟಿಗೆಯಲ್ಲಿ ನೆಟ್ಟಗೆ ಕೂತಿದ್ದೆ, ಪಟ್ಟಿ ಬಿಗಿದಿತ್ತು. ಮುಖ ಕೆಂಪಗೆ, ಈಗಷ್ಟೇ ಓಡಿಬಂದವನ ಹಾಗೆ.

“ಶ್,” ಅಂದರು ಅಖು. ಅವರ ಕಣ್ಣಲ್ಲಿ ನೀರು. “ಬಣ್ಣ ನೋಡು. ಹದಿನಾರರ ಹುಡುಗನ ಬಣ್ಣ. ಎದೆ ಅಲ್ಲಾಡ್ತಿಲ್ಲ. ನಿನ್ನ ತಮ್ಮ ಗೆದ್ದುಬಿಟ್ಟ ಕಣಮ್ಮ.”

“ಸತ್ತನಾ ಅಖು?”

“ಸತ್ತ ಅನ್ನಬಾರದು. ಉಸಿರು ನಿಂತ ಮೇಲೂ ಬೆಳಕಲ್ಲಿ ಕೂತಿರ್ತಾರೆ, ದೊಡ್ಡವರು. ಏಳು ದಿನ ಮುಟ್ಟೋ ಹಾಗಿಲ್ಲ, ಅಳೋ ಹಾಗಿಲ್ಲ. ನೀನು ಕೆಳಗೆ ಹೋಗಿ ಬಿಳೀ ವಸ್ತ್ರ ತಗೊಂಡು ಬಾ, ನಾಲ್ಕು ಜನಕ್ಕೆ ಹೇಳು.”

ನಂಬಿದೆ. ಸುಳ್ಳು ಹೇಳುವುದಿಲ್ಲ, ಹೆಮ್ಮೆಯೂ ಆಯಿತು. ಇಳಿಯುವಾಗ ಎರಡು ಸಲ ಬಿದ್ದೆ, ದಾರಿಯಲ್ಲಿ ಸಿಕ್ಕ ನಾಲ್ಕು ಜನಕ್ಕೆ ಹೇಳಿದೆ.

ಹಟ್ಟಿಯಲ್ಲಿ ಅತ್ತೆ ಮರಿಗೂಡಿನ ಮುಂದೆ ಕೂತಿದ್ದರು. ಚಳಿ ಹೆಚ್ಚೆಂದು ನಾನೇ ಹಿಂದಿನ ಸಂಜೆ ಹೊಸದಾಗಿ ಹುಟ್ಟಿದ ಆಡಿನ ಮರಿಗಳಿಗೆ ಕೆಂಡದ ಮಡಕೆ ಇಟ್ಟು, ಗೂಡಿನ ಕಿಂಡಿಗೆ ಉಣ್ಣೆ ತುರುಕಿದ್ದೆ. ಮೂರು ಮರಿಗಳು ಸಾಲಾಗಿ ಮಲಗಿದ್ದವು. ಒದ್ದಾಡಿದ ಗುರುತಿಲ್ಲ. ಅತ್ತೆ ಒಂದರ ತುಟಿ ಎತ್ತಿ ವಸಡು ತೋರಿಸಿದರು.

“ಯಾವ ಹಾಳಾದವಳು ಕಿಂಡಿ ಮುಚ್ಚಿದ್ದು?”

“ನಾನೇ. ಚಳಿ ಅಂತ.”

“ಮೂವತ್ತು ವರ್ಷ ಆಡು ಸಾಕಿ ಇಷ್ಟೇನಾ ನೀನು ಕಲಿತಿದ್ದು? ಕಿಂಡಿ ಮುಚ್ಚಿದ ಕಡೆ ಕೆಂಡ ಇಡ್ತಾರಾ? ನೋಡು, ವಸಡು ಹೆಂಗೆ ಕೆಂಪಾಗಿದೆ. ಕೆಂಡದ ವಿಷ ಕುಡಿದ ಪ್ರಾಣಿ ಸತ್ತ ಹಂಗೇ ಕಾಣಲ್ಲ.”

ಆ ಕೆಂಪನ್ನು ಆಗಷ್ಟೇ ನೋಡಿ ಬಂದಿದ್ದೆ.

ಗುದಲಿ ಎತ್ತಿಕೊಂಡದ್ದು ನೆನಪಿದೆ, ಹತ್ತಿದ್ದು ನೆನಪಿಲ್ಲ. ಮೊದಲು ನೆತ್ತಿಗೆ ಹೋಗಿ ಸಗಣಿ ಒಡೆದು ಉಣ್ಣೆ ಕಿತ್ತೆ. ಕಪ್ಪಗಾಗಿತ್ತು, ಬಿಸಿಯಾಗಿತ್ತು. ಆ ಬಿರುಕೇ ನಿನ್ನ ಒಲೆಯ ಹೊಗೆಗೆ ಇದ್ದ ದಾರಿ ತಮ್ಮಾ. ನಿನ್ನನ್ನು ಹೆದರಿಸುತ್ತಿದ್ದ ಉಸಿರು ನಿನ್ನ ಪ್ರಾಣಕ್ಕೆ ಬೇಕಾದ ಗಾಳಿ. ಅದನ್ನು ಮುಚ್ಚಿದವಳು ನಾನು. ಬೈಯುವುದಿದ್ದರೆ ಅದಕ್ಕೆ ಬೈ.

ಕೆಳಗೆ ಅಖು ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದರು. ವಸ್ತ್ರ ಹಿಡಿದು ಬಂದ ನಾಲ್ಕೈದು ಜನ ಹಿಂದೆ ನಿಂತಿದ್ದರು.

“ಮುದ್ರೆ ಒಡೆದರೆ ನರಕಕ್ಕೆ ಹೋಗ್ತೀಯ ಯುಡೋನ್.”

“ಹದಿನೆಂಟು ಇದಾವಂತಲ್ಲ ಅಖು, ಯಾವುದ್ರಲ್ಲಿ ಜಾಗ ಇದೆಯೋ ಅದಕ್ಕೆ ಹೋಗ್ತೀನಿ. ಈಗ ಕಾಲು ತೆಗೀರಿ.”

“ಅವನು ಗೆದ್ದಿದ್ರೆ? ನಿನ್ನ ಕೈಯಾರೆ ಕೆಡವಿದ ಹಾಗಾಗುತ್ತೆ.”

ನನಗೆ ಅಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ, ಹೆಣದ ದಿಬ್ಬದ ಹತ್ತಿರವೂ. ಒಡೆಯದಿದ್ದರೆ ನೀನು ಸಾಯುತ್ತೀಯ, ಒಡೆದರೆ ನಿನ್ನ ಜನ್ಮದ ಆಸೆ ಸಾಯುತ್ತದೆ. ಅಖುವಿನ ತಲೆಯ ಪಕ್ಕದಲ್ಲೇ ಮೊದಲ ಏಟು ಹಾಕಿದೆ. ಅವರು ಸರಿದರು. ಮೂರನೇ ಕಲ್ಲು ಬೀಳುವಷ್ಟರಲ್ಲಿ ಅವರೇ ಕಲ್ಲು ಎಳೆದು ಹಾಕುತ್ತಿದ್ದರು, ಬೈಯುತ್ತಲೇ.

ಪಟ್ಟಿ ಕತ್ತರಿಸಿದೆ. ನೀನು ಹಿಟ್ಟಿನ ಮೂಟೆಯ ಹಾಗೆ ನನ್ನ ಮೇಲೆ ಬಿದ್ದೆ. ಬಿಸಿಲಿಗೆ ಎಳೆದು ತಂದು ಎದೆ ತಿಕ್ಕಿದೆವು. ಏನೂ ಇಲ್ಲ. ಬೆನ್ನಿಗೆ ಹಾಕಿಕೊಂಡು ಇಳಿಯತೊಡಗಿದೆ, ಅಖು ಹಿಂದಿನಿಂದ ನಿನ್ನ ಕಾಲು ಹಿಡಿದಿದ್ದರು. ಎರಡನೇ ತಿರುವಿನಲ್ಲಿ ಕುತ್ತಿಗೆಗೆ ಏನೋ ತಾಕಿತು. ನಿಂತೆ. ಇಲ್ಲ. ಮತ್ತೆ ತಾಕಿತು. ಹಟ್ಟಿ ತನಕ ನಿನ್ನ ಉಸಿರು ಎಣಿಸುತ್ತಲೇ ಇಳಿದೆ. ಎರಡು ಉಸಿರಿನ ನಡುವೆ ಒಮ್ಮೊಮ್ಮೆ ಹನ್ನೆರಡಕ್ಕಿಂತ ಜಾಸ್ತಿ ಆಗುತ್ತಿತ್ತು.

ಎಚ್ಚರವಾಗುವ ಮೊದಲೇ ನಿನ್ನನ್ನು ಮಠದ ವೈದ್ಯರ ಬಳಿಗೆ ಸಾಗಿಸಿದರು. ಅಷ್ಟೇ. ಇನ್ನು ನೀನು ಮಾತಾಡದಿದ್ದರೂ ಸರಿ.

ಯುಡೋನ್

*

ಎರಡನೇ ತಿಂಗಳು, ಹದಿನೆಂಟು
ಮಠದಿಂದ

ಮಗಳು ಯುಡೋನ್‌ಗೆ,

ನೀನು ಅಪರಾಧ ಕಾಣಿಕೆಯೆಂದು ಕಳಿಸಿದ ಯಾಕ್ ಅನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಮುದ್ರೆ ನನ್ನದು, ಒಡೆದ ಪಾಪ ಇದ್ದರೆ ಅದೂ ನನ್ನದೇ. ಹೊಗೆ ಎಲ್ಲಿಂದ ಹೋಗುತ್ತದೆ ಎಂದು ನೋಡದೆ ಒಬ್ಬ ಮನುಷ್ಯನನ್ನು ಒಳಗೆ ಕೂರಿಸಿ ಗೋಡೆ ಕಟ್ಟಿಸಿದ ಮುದುಕ ನಾನು. ಅಂದಿನಿಂದ ನನಗೂ ನಿದ್ದೆ ಸರಿಯಾಗಿ ಬಂದಿಲ್ಲ.

ನಿನ್ನ ತಮ್ಮ ನಿನ್ನ ಕಾಗದ ಓದಿದ. ಎರಡು ದಿನ ಊಟ ಬಿಟ್ಟ. ಮೂರನೇ ದಿನ ನಿನ್ನ ಕಾಗುಣಿತ ತಿದ್ದುತ್ತಾ ಕೂತಿದ್ದ. ವೈದ್ಯರು ಇದನ್ನು ಒಳ್ಳೆಯ ಲಕ್ಷಣ ಎಂದಿದ್ದಾರೆ.

ರಬ್ಸೆಲ್

*

ಮೂರನೇ ತಿಂಗಳು, ಇಪ್ಪತ್ತೊಂದು

ಅಕ್ಕ,

‘ಗುದ್ದಲಿ’ಗೆ ನೀನು ಒಂದೇ ದ ಬರೆದಿದ್ದೀಯ. ಅಷ್ಟು ಭಾರದ್ದನ್ನು ಎತ್ತಿದವಳು ಇನ್ನೊಂದು ದ ಎತ್ತಲಾರೆಯಾ?

ಮುನಿಸು ಹೋಗಲು ಇಷ್ಟು ದಿನ ಬೇಕಾಯಿತು. ಪೂರ್ತಿ ಹೋಗಿಲ್ಲ. ಆ ಬೆಳಕು ಸುಳ್ಳು ಎಂದರೆ ನನ್ನೊಳಗೆ ಏನೋ ಒಪ್ಪುವುದಿಲ್ಲ. ಗುರುಗಳ ಹತ್ತಿರ ಹೋಗಿ ಜಗಳವನ್ನೇ ಆಡಿದೆ.

“ಗ್ರಂಥದಲ್ಲಿ ಇದ್ದ ಹಾಗೇ ಬಂತು ಗುರುಗಳೇ. ಒಂದೂ ತಪ್ಪಲಿಲ್ಲ. ಹೆದರಿಕೆ ಬೇರು ಸಮೇತ ಹೋಗಿತ್ತು.”

“ಸರಿ,” ಅಂದರು, ಚಹಾ ಊದುತ್ತಾ. “ಅಲ್ಲಿ ಕೂತಿದ್ದಾಗ ಅಕ್ಕನ ನೆನಪು ಬಂತಾ?”

“ಇಲ್ಲ.”

“ಹಿಮದಲ್ಲಿ ದಿನಾ ನೀರು ಹೊತ್ತ ಪೆಲ್ಗೆ?”

“ಇಲ್ಲ.”

“ಯಾರದ್ದೂ?”

“ಯಾರದ್ದೂ ಇಲ್ಲ.”

“ಹೆದರಿಕೆ ಜೊತೆ ಎಲ್ಲರನ್ನೂ ಆಚೆ ಹಾಕಿದ್ದೆ ಅನ್ನು. ಅದು ಬೆಳಕಲ್ಲ ಮಗನೇ, ಹೊಗೆ. ಗವಿಯದ್ದೋ ನಿಂದೋ ನಂಗೆ ಗೊತ್ತಿಲ್ಲ.”

ಎಚ್ಚರವಾದ ದಿನ ನಾನು ಮೊದಲು ಕೇಳಿದ್ದು ‘ಅಕ್ಕ ಎಲ್ಲಿ’ ಎಂದಂತೆ. ಕೇಳುವಾಗ ಪಕ್ಕದಲ್ಲಿದ್ದವರ ತೋಳು ಬಿಗಿಹಿಡಿದಿದ್ದೆನಂತೆ. ಹೆದರಿಕೆ ವಾಪಸ್ಸು ಬಂದಿತ್ತು, ನೀನೂ ಅದರ ಜೊತೆಗೇ ಬಂದಿದ್ದೆ.

ಮುಂದಿನ ತಿಂಗಳು ಹತ್ತಕ್ಕೆ ಮತ್ತೆ ಗವಿಗೆ ಹೋಗುತ್ತಿದ್ದೇನೆ. ಬೇಡ ಅನ್ನಬೇಡ. ಬಿರುಕನ್ನು ಮುಟ್ಟಬೇಡ. ಅದು ಉಸಿರಾಡಲಿ, ನಾನು ಹೆದರಿಕೊಂಡೇ ಕೂತಿರುತ್ತೇನೆ. ಈ ಸಲ ಚೀಟಿಯೂ ಇಲ್ಲ, ನಾನು ಹರಟೆಮಲ್ಲ ಎಂದು ಗುರುಗಳಿಗೆ ಗೊತ್ತಾಗಿದೆ. ಆದ್ದರಿಂದ ನಮ್ಮಿಬ್ಬರಿಗೊಂದು ಗುರುತು. ಹೆದರಿಕೆ ಇರುವ ತನಕ ಖಾಲಿ ಬಟ್ಟಲಿನಲ್ಲಿ ಒಂದು ಕಲ್ಲು ಇಡುತ್ತೇನೆ. ಕಲ್ಲು ಕಂಡರೆ ನಾನು ನೆಟ್ಟಗಿದ್ದೇನೆ ಎಂದು ತಿಳಿ.

ನಿನ್ನ ಪುಕ್ಕಲ

*

ಏಳನೇ ತಿಂಗಳು, ಇಪ್ಪತ್ತೈದು
ಗವಿಯ ಬಾಗಿಲಲ್ಲೇ ಕೂತು

ತಮ್ಮಾ,

ಚೀಟಿ ಬರೆಯಬಾರದೆಂದು ಗೊತ್ತು. ನಿಯಮ ನಿನಗೆ, ನನಗಲ್ಲ.

ಇದುವರೆಗೆ ಆರು ಬಟ್ಟಲು, ಆರು ಕಲ್ಲು. ಎಲ್ಲವನ್ನೂ ಹಟ್ಟಿಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಇವತ್ತು ಬಟ್ಟಲು ಹೊರಗೆ ಬಂತು. ಖಾಲಿಯಾಗಿದೆ, ನೆಕ್ಕಿ ಒರೆಸಿದ ಹಾಗಿದೆ. ಕಲ್ಲು ಇಲ್ಲ.

ತಿರುಗಿಸಿ ನೋಡಿದೆ. ನೆಲದ ಮೇಲೆಲ್ಲ ತಡಕಿದೆ. ಬಿದ್ದೂ ಇಲ್ಲ. ನೆತ್ತಿಗೆ ಹೋಗಿ ಬಿರುಕಿಗೆ ತೋಳು ಹಾಕಿ ನೋಡಿ ಬಂದೆ, ತೆರೆದಿದೆ. ಆದರೂ ಇಲ್ಲಿಂದ ಏಳಲಾರೆ. ಹಿಂದಿನ ಸಲ ನಿನ್ನ ಹೆದರಿಕೆ ಹೋದಾಗ ಏನಾಯಿತೆಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಅಖು ಪೆಲ್ಗೆ, ‘ಒಳ್ಳೇದೇ ಆಗಿರ್ಬೇಕಮ್ಮ, ಮನೆಗೆ ಹೋಗು’ ಅನ್ನುತ್ತಿದ್ದಾರೆ. ಅವರ ಒಳ್ಳೆಯದನ್ನು ನಾನು ಒಮ್ಮೆ ನೋಡಿದ್ದೇನೆ. ಅದಲ್ಲದೆ ಅವರೂ ಹೋಗಿಲ್ಲ, ಅಲ್ಲೇ ನಿಂತಿದ್ದಾರೆ.

ಒಂದು ಸಲ ಕೆಮ್ಮು. ಕೆಮ್ಮು ಮಾತಲ್ಲ, ನಿಯಮ ಮುರಿಯುವುದಿಲ್ಲ. ಗುದ್ದಲಿ ತಂದಿದ್ದೇನೆ. ಎರಡೂ ದ ಹಾಕಿ ಬರೆದಿದ್ದೇನೆ, ನೋಡು.

ಅಕ್ಕ

*

(ಅದೇ ಚೀಟಿಯ ಹಿಂಬದಿಯಲ್ಲಿ)

ಅಕ್ಕ,

ಕೆಮ್ಮಿದ್ದೇನೆ. ಎರಡು ಸಲ, ಒಂದು ಅಖುವಿಗೆ.

ಬೆಳಗಿನಿಂದ ಬಿರುಕು ಉಸಿರಾಡುತ್ತಲೇ ಇತ್ತು. ಕೇಳುತ್ತಾ ಕೂತಿದ್ದೆ. ನಿನ್ನ ಮೊಣಕಾಲು ನೋವು ಹೇಗಿದೆಯೋ, ಈ ಮಳೆಯಲ್ಲಿ ಹೇಗೆ ಹತ್ತುತ್ತೀಯೋ ಎಂದುಕೊಳ್ಳುತ್ತಾ ಬಟ್ಟಲು ತಳ್ಳಿಬಿಟ್ಟೆ.

ಕಲ್ಲು ಇಡುವುದು ಮರೆತೆ.

ಗುದ್ದಲಿ ಊರಿಕೊಂಡು ಇಳಿ, ಎರಡನೇ ತಿರುವಿನಲ್ಲಿ ಜಾರುತ್ತದೆ.

ನಿನ್ನ ತಮ್ಮ